ರಾಜನ ಮುಖ ಎಲ್ಲಿ? – ಕನ್ನಡ ನಾಡಿನ ನಾಣ್ಯಗಳ ಕಥೆ

ಸಂಘದ ವಾರ್ಷಿಕೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಿತ್ರರು ಫೋನ್ ಮಾಡಿದಾಗ, ವೈದ್ಯರಾದ ನಮ್ಮಿಂದ ಅವರು ನಿರೀಕ್ಷಿಸಿದ್ದು ರಕ್ತದೊತ್ತಡದ ಮೇಲೋ ಸಕ್ಕರೆ ಕಾಯಿಲೆಯ ಮೇಲೋ ಒಂದು ಲೇಖನವನ್ನು. ಅವೆರಡನ್ನೂ ಕುರಿತು ನಮ್ಮ ಸಂಘದ ಸದಸ್ಯರಿಗೆ ಈಗಾಗಲೇ ಬೇಕಾದಷ್ಟು ಉಪದೇಶ ಮಾಡಿದ್ದೇವೆ. ಹಬ್ಬದ ಊಟದ ದಿನ ಹೋಳಿಗೆಯ ಸಾಲಿನಲ್ಲಿ ನಮ್ಮನ್ನು ಕಂಡರೆ ಕೆಲವರು ತಟ್ಟೆ ಮರೆಮಾಡುವುದೂ ಉಂಟು. ಆದ್ದರಿಂದ ಈ ಬಾರಿ ಔಷಧಿಯ ಮಾತು ಬೇಡ. ಕಳೆದ ಬೇಸಿಗೆ ರಜೆಯಲ್ಲಿ ಮೈಸೂರಿನ ನಮ್ಮ ತಾಯಿಯವರ ಮನೆಯಲ್ಲಿ ಮಗಳು ಕೇಳಿದ ಒಂದು ಪ್ರಶ್ನೆಯಿಂದ ಹುಟ್ಟಿದ ಲೇಖನ ಇದು. ನಾವು ಇತಿಹಾಸಕಾರರಲ್ಲ. ರೋಗಿಯ ಹಳೆಯ ಕಡತಗಳನ್ನು ತಿರುವಿಹಾಕಿ ರೋಗದ ಮೂಲ ಹುಡುಕುವ ವೃತ್ತಿಯವರು. ಅದೇ ಅಭ್ಯಾಸಬಲದಿಂದ ಇಲ್ಲಿಯೂ ಕೈಹಾಕಿದ್ದೇವೆ.

ಆ ದಿನ ಅಮ್ಮ ದೇವರ ಪೆಟ್ಟಿಗೆ ತೆಗೆದು, ಅರಿಶಿನ ಹತ್ತಿದ ಬಟ್ಟೆಯ ಗಂಟೊಂದನ್ನು ಬಿಚ್ಚಿದರು. ಒಳಗೆ ಮೂರು ಚಿನ್ನದ ಚೂರುಗಳು. ಒಂದೊಂದೂ ಕಡಲೆಬೇಳೆಯಷ್ಟು ಗಾತ್ರ, ತೂಕ ಅರ್ಧ ಗ್ರಾಮಿಗೂ ಕಡಿಮೆ. ‘ಇವು ಕಂಠೀರಾಯ ಹಣ. ನಿಮ್ಮ ಮುತ್ತಜ್ಜಿಯದು’ ಎಂದು ಮೊಮ್ಮಗಳ ಅಂಗೈಗೆ ಹಾಕಿದರು. ಒಂಬತ್ತು ವರ್ಷದ ಮಗಳು ಅವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ತನ್ನ ಪುಟ್ಟ ಪರ್ಸಿನಿಂದ ಅಮೆರಿಕದ ಒಂದು ಕ್ವಾರ್ಟರ್ ತೆಗೆದು ಪಕ್ಕದಲ್ಲಿ ಇಟ್ಟಳು. ಅದರಲ್ಲಿ ಜಾರ್ಜ್ ವಾಷಿಂಗ್ಟನ್ನರ ಮುಖ ದೂರದಿಂದಲೇ ಕಾಣುತ್ತದೆ. ‘ಅಪ್ಪ, ಇದರಲ್ಲಿ ರಾಜನ ಮುಖ ಎಲ್ಲಿ?’ ಎಂದಳು.

ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಮ್ಮ ತಂದೆಯವರು ಪಂಚಾಂಗ ಓದಲು ಬಳಸುತ್ತಿದ್ದ ಭೂತಗನ್ನಡಿ ತಂದು ನೋಡಿದೆವು. ಒಂದು ಕಡೆ ಕುಳಿತ ನರಸಿಂಹ. ಇನ್ನೊಂದು ಕಡೆ ನಾಗರಿ ಲಿಪಿಯಲ್ಲಿ ‘ಶ್ರೀ ಕಂಠೀರವ’ ಎಂಬ ಹೆಸರಿನ ತುಂಡು ಅಕ್ಷರಗಳು. ರಾಜನ ಮುಖ ಎಲ್ಲಿಯೂ ಇಲ್ಲ.

ನಾಣ್ಯ ಎಂದರೆ ಆಜ್ಞೆ

ಟಂಕಸಾಲೆ ಇಲ್ಲದ ಕಾಲದಲ್ಲಿಯೂ ಚಿನ್ನಕ್ಕೆ ಬೆಲೆ ಇತ್ತು. ತೂಗಿ ಕೊಟ್ಟು ತೂಗಿ ತೆಗೆದುಕೊಂಡರೆ ವ್ಯಾಪಾರ ನಡೆಯುತ್ತದೆ. ಆ ಚಿನ್ನದ ಮೇಲೆ ಒಬ್ಬ ಅರಸ ತನ್ನ ಅಚ್ಚು ಒತ್ತಿದಾಗ ಅವನು ಹೇಳುವುದು ಇಷ್ಟು: ‘ಇದನ್ನು ತೂಗಬೇಡ, ನನ್ನ ಮಾತನ್ನು ನಂಬು.’ ರೇಡಿಯೋ, ವೃತ್ತಪತ್ರಿಕೆ ಇಲ್ಲದ ಕಾಲದಲ್ಲಿ ಅರಸನ ಹೆಸರು ಸಂತೆಯ ಮುದುಕಿಯ ಸೆರಗಿನ ಗಂಟಿನವರೆಗೂ ತಲುಪುತ್ತಿದ್ದುದು ನಾಣ್ಯದ ಮೂಲಕ. ಮುಸ್ಲಿಂ ರಾಜ್ಯಗಳಲ್ಲಿ ಸ್ವತಂತ್ರ ಅರಸನಿಗೆ ಎರಡು ಗುರುತುಗಳೆಂದು ಎಣಿಸುತ್ತಿದ್ದರು: ಶುಕ್ರವಾರದ ಖುತ್ಬಾದಲ್ಲಿ ಅವನ ಹೆಸರು ಓದಬೇಕು, ಸಿಕ್ಕಾದ ಮೇಲೆ ಅವನ ಹೆಸರು ಇರಬೇಕು.

ನಾಣ್ಯ ಒಪ್ಪುವುದು ಎಂದರೆ ಅರಸನನ್ನು ಒಪ್ಪುವುದು. ಹಾಗಾದರೆ ಒಪ್ಪದಿದ್ದರೆ? ಇದಕ್ಕೆ ಒಂದು ಹಳೆಯ ಸಾಕ್ಷಿ ನಾಸಿಕದ ಬಳಿಯ ಜೋಗಲ್‌ಥೆಂಬಿಯಲ್ಲಿ 1906ರಲ್ಲಿ ಸಿಕ್ಕಿತು. 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳ ನಿಧಿ. ಎಲ್ಲವೂ ಕ್ಷಹರಾತ ವಂಶದ ನಹಪಾನ ಹೊರಡಿಸಿದವು, ಅವನ ಮುಖ ಇರುವಂಥವು. ಅವುಗಳಲ್ಲಿ ಸುಮಾರು ಮೂರನೆಯ ಎರಡು ಪಾಲಿನ ಮೇಲೆ ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿ ತನ್ನ ಅಚ್ಚನ್ನು ಮತ್ತೆ ಒತ್ತಿಸಿದ್ದಾನೆ. ಸೋತವನ ಮೂಗು ಕಿವಿಗಳು ಗೆದ್ದವನ ಬೆಟ್ಟದ ಗುರುತಿನ ಅಡಿಯಿಂದ ಇಣುಕುತ್ತವೆ. ಎಲ್ಲವನ್ನೂ ಕರಗಿಸಿ ಹೊಸದಾಗಿ ಹೊಯ್ಯಬಹುದಿತ್ತು. ಆದರೆ ಶತ್ರುವಿನ ಮುಖದ ಮೇಲೆಯೇ ತನ್ನ ಗುರುತು ಕುಟ್ಟುವುದರಲ್ಲಿ ಖರ್ಚೂ ಕಡಿಮೆ, ಮಾತೂ ಸ್ಪಷ್ಟ. ಬನವಾಸಿ, ಸನ್ನತಿಗಳವರೆಗೂ ಹರಡಿದ್ದ ಶಾತವಾಹನರ ಆಳ್ವಿಕೆ ನಮ್ಮ ನಾಡಿನ ಚರಿತ್ರೆಗೂ ಸೇರಿದ್ದು.

ದೂರದ ಚಕ್ರವರ್ತಿಗಳ ಮುಖಕ್ಕೂ ಇಲ್ಲಿ ಬೇರೆ ಗತಿಯಾಗಿತ್ತು. ರೋಮಿನ ಅಗಸ್ಟಸ್, ತೈಬೀರಿಯಸರ ನಾಣ್ಯಗಳು ಮೆಣಸು, ಮುತ್ತುಗಳ ಬೆಲೆಯಾಗಿ ದಕ್ಷಿಣ ಭಾರತಕ್ಕೆ ಹರಿದುಬಂದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ಅವು ಸಿಕ್ಕಿವೆ. ಭಾರತದ ವ್ಯಾಪಾರದಿಂದ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಸೋರಿಹೋಗುತ್ತಿದೆ ಎಂದು ರೋಮಿನ ಪ್ಲಿನಿ ಗೊಣಗಿದ್ದು ಇದೇ ಹಣದ ಬಗ್ಗೆ. 1898ರಲ್ಲಿ ಪುದುಕೋಟೆಯಲ್ಲಿ ಸಿಕ್ಕ 501 ರೋಮನ್ ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನ ಮೇಲೆ ಚಕ್ರವರ್ತಿಯ ಮುಖಕ್ಕೆ ಅಡ್ಡಲಾಗಿ ಉಳಿಯಿಂದ ಗೀರು ಹಾಕಲಾಗಿದೆ. ರೋಮಿನಲ್ಲಿ ದೇವಸಮಾನನಾದವನು ಇಲ್ಲಿಗೆ ಬರುವ ಹೊತ್ತಿಗೆ ಬರೀ ತೂಕ.

ತಲಕಾಡುಗೊಂಡ

ಮುಖವಿಲ್ಲದೆ ಅರಸ ತನ್ನ ಹಿರಿಮೆಯನ್ನು ಹೇಗೆ ಸಾರಿಕೊಳ್ಳಬಹುದು? ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯ ಅದಕ್ಕೆ ಸೊಗಸಾದ ಉತ್ತರ. ಒಂದು ಕಡೆ ಸಿಂಹ. ಇನ್ನೊಂದು ಕಡೆ ಅಚ್ಚ ಕನ್ನಡ ಲಿಪಿಯಲ್ಲಿ ‘ಶ್ರೀ ತಲಕಾಡುಗೊಂಡ’. ಅಂದರೆ ತಲಕಾಡನ್ನು ಗೆದ್ದುಕೊಂಡವನು. ಮತ್ತೊಂದು ಬಗೆಯಲ್ಲಿ ‘ಶ್ರೀ ನೊಳಂಬವಾಡಿಗೊಂಡ’. ಸುಮಾರು 1116ರಲ್ಲಿ ಅವನು ಚೋಳರಿಂದ ತಲಕಾಡನ್ನು ಕಿತ್ತುಕೊಂಡ. ಆ ಸುದ್ದಿಯನ್ನು ಚಿನ್ನದ ಮೇಲೆ ಅಚ್ಚುಹಾಕಿ ಊರೂರಿಗೆ ಕಳುಹಿಸಿದ.

ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಆ ಕಾಲದಲ್ಲಿ ಹೊಯ್ಸಳರು ಲೆಕ್ಕಕ್ಕೆ ಕಲ್ಯಾಣದ ಚಾಲುಕ್ಯರ ಸಾಮಂತರು. ಆದರೆ ಈ ನಾಣ್ಯದಲ್ಲಿ ಚಾಲುಕ್ಯ ಚಕ್ರವರ್ತಿಯ ಸುಳಿವೂ ಇಲ್ಲ. ‘ನಾನು ಸ್ವತಂತ್ರ’ ಎಂದು ಬಾಯಿಬಿಟ್ಟು ಹೇಳುವುದಕ್ಕಿಂತ ‘ತಲಕಾಡು ಗೆದ್ದವನು ನಾನು’ ಎಂದು ನಾಲ್ಕು ಜನರ ಕೈಗೆ ಚಿನ್ನ ಕೊಡುವುದು ಜಾಣತನ. ಹೆಸರೂ ಇಲ್ಲ, ಮುಖವೂ ಇಲ್ಲ. ಮಾಡಿದ ಕೆಲಸವೇ ಹೆಸರು. ಇಂದು ನಾವು ರಾಜ್ಯೋತ್ಸವದಂದು ಬಾಡಿಗೆ ಸಭಾಂಗಣಕ್ಕೆ ಕನ್ನಡ ಅಕ್ಷರಗಳ ಬ್ಯಾನರ್ ಕಟ್ಟುವಾಗ, 900 ವರ್ಷಗಳ ಹಿಂದೆಯೇ ಕನ್ನಡ ಅಕ್ಷರ ಚಿನ್ನದ ಮೇಲೆ ಕುಳಿತಿತ್ತೆಂಬುದನ್ನು ಮಕ್ಕಳಿಗೆ ಹೇಳಬಹುದು.

ದೇವರು ಮುಂದೆ, ರಾಯರು ಹಿಂದೆ

ಚಾಲುಕ್ಯರ ಲಾಂಛನವಾದ ವರಾಹದಿಂದ ‘ವರಹ’ ಎಂಬ ಹೆಸರು ಬಂತೆಂದು ಹೇಳುತ್ತಾರೆ. ಅದು ಮನೆಮಾತಾದದ್ದು ವಿಜಯನಗರದ ಕಾಲದಲ್ಲಿ. ತೂಕ ಸುಮಾರು ಮೂರೂವರೆ ಗ್ರಾಮು. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಬಂದಾಗ ಇಮ್ಮಡಿ ದೇವರಾಯ ಆಳುತ್ತಿದ್ದ. ಅವನು ಬರೆದಿಟ್ಟಂತೆ ವರಹದ ಅರ್ಧ ‘ಪ್ರತಾಪ’, ಪ್ರತಾಪದ ಹತ್ತನೆಯ ಒಂದು ಪಾಲು ‘ಪಣ’ ಅಥವಾ ಹಣ, ಅದರ ಆರನೆಯ ಒಂದು ಪಾಲು ಬೆಳ್ಳಿಯ ‘ತಾರ’. ಪ್ರಾಂತಗಳಿಂದ ಬರುವ ಚಿನ್ನವೆಲ್ಲ ಟಂಕಸಾಲೆಗೆ ಹೋಗುತ್ತಿತ್ತು, ಸೈನಿಕರಿಗೆ ನಾಲ್ಕು ತಿಂಗಳಿಗೊಮ್ಮೆ ಸಂಬಳ ಅಲ್ಲಿಂದಲೇ ಬರುತ್ತಿತ್ತು ಎಂದೂ ಅವನು ಹೇಳುತ್ತಾನೆ. ರಾಜ್ಯದ ಹೃದಯ ಟಂಕಸಾಲೆ ಎಂದರೆ ವೈದ್ಯರಾದ ನಮಗೆ ಬೇಗ ಅರ್ಥವಾಗುತ್ತದೆ: ಎಲ್ಲ ದಿಕ್ಕಿನಿಂದ ಒಳಗೆ ಬಂದದ್ದು ಶುದ್ಧವಾಗಿ ಮತ್ತೆ ಎಲ್ಲ ದಿಕ್ಕಿಗೂ ಹೊರಡಬೇಕು.

ಈ ವರಹಗಳ ಮುಮ್ಮುಖದಲ್ಲಿ ದೇವರು, ಹಿಮ್ಮುಖದಲ್ಲಿ ಅರಸನ ಹೆಸರು. ಒಂದನೆಯ ಹರಿಹರ, ಬುಕ್ಕರ ನಾಣ್ಯಗಳಲ್ಲಿ ಹನುಮಂತ. ಇಮ್ಮಡಿ ಹರಿಹರನ ಕಾಲದಲ್ಲಿ ಶಿವ–ಪಾರ್ವತಿಯರು ಜೊತೆಯಾಗಿ ಕುಳಿತ ವರಹ ಬಂತು. ಕೃಷ್ಣದೇವರಾಯ ಉದಯಗಿರಿಯನ್ನು ಗೆದ್ದು ಬಾಲಕೃಷ್ಣನ ವಿಗ್ರಹವನ್ನು ಹಂಪೆಗೆ ತಂದ. ಅವನ ವರಹದ ಮೇಲೆಯೂ ಬಾಲಕೃಷ್ಣ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದನ್ನು ಚೆನ್ನಾಗಿ ಗಮನಿಸಿದ್ದಾನೆ: ಈ ನಾಣ್ಯದ ಒಂದು ಕಡೆ ಎರಡು ಮೂರ್ತಿಗಳು, ಇನ್ನೊಂದು ಕಡೆ ಹೊರಡಿಸಿದ ಅರಸನ ಹೆಸರು, ಈಗಿನ ಅರಸ ಹೊರಡಿಸಿದ್ದರಲ್ಲಿ ಮಾತ್ರ ಒಂದೇ ಮೂರ್ತಿ, ಇದು ಇಂಡಿಯಾದಲ್ಲೆಲ್ಲ ನಡೆಯುತ್ತದೆ. ಅಚ್ಯುತರಾಯನ ವರಹದಲ್ಲಿ ಕೊಕ್ಕು ಮತ್ತು ಉಗುರುಗಳಲ್ಲಿ ಆನೆಗಳನ್ನೇ ಹಿಡಿದ ಗಂಡಭೇರುಂಡ. ಇಂದಿಗೂ ಕರ್ನಾಟಕ ಸರ್ಕಾರದ ಲಾಂಛನದಲ್ಲಿ, ಪರದೇಶದ ಎಷ್ಟೋ ಕನ್ನಡ ಸಂಘಗಳ ಪತ್ರಗಳ ತಲೆಯ ಮೇಲೆ ಕುಳಿತಿರುವ ಹಕ್ಕಿ ಅದೇ. 1565ರ ಸೋಲಿನ ನಂತರ ಪೆನುಗೊಂಡೆಗೆ ಸರಿದ ತಿರುಮಲರಾಯನ ವರಹದಲ್ಲಿ ಸೀತಾರಾಮರು, ಪಕ್ಕದಲ್ಲಿ ನಿಂತ ಲಕ್ಷ್ಮಣ. ರಾಜಧಾನಿ ಕಳೆದುಕೊಂಡ ಮನೆತನದ ನಾಣ್ಯದಲ್ಲಿ ವನವಾಸ ಕಂಡವರನ್ನು ನೋಡಿದಾಗ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ.

ಮಗಳ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿ ಸಿಕ್ಕಿತು. ನಮ್ಮ ಅರಸರು ತಮ್ಮ ಮುಖ ತೋರಿಸಿ ನಂಬಿಕೆ ಕೇಳಲಿಲ್ಲ. ಜನ ಮೊದಲೇ ನಂಬಿದ್ದ ಮೂರ್ತಿಯನ್ನು ಮುಂದಿಟ್ಟು, ಅದರ ಬೆನ್ನಿಗೆ ತಮ್ಮ ಹೆಸರು ಬರೆದರು. ಇದು ವಿನಯವೂ ಹೌದು, ರಾಜಕಾರಣವೂ ಹೌದು.

ನಾಣ್ಯ ಕರಗಿಸಿದ ಅಪರಾಧ

ತುಂಗಭದ್ರೆಯ ಆಚೆ ಗುಲಬರ್ಗದಲ್ಲಿ 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು. ಅಲ್ಲಿನ ಒಂದನೆಯ ಮಹಮ್ಮದ್ ಷಾ ಚಿನ್ನ ಬೆಳ್ಳಿಯ ಹೊಸ ನಾಣ್ಯ ಹೊರಡಿಸಿದಾಗ ನಡೆದ ಘಟನೆಯನ್ನು ಫೆರಿಷ್ತಾ ಎಂಬ ಇತಿಹಾಸಕಾರ ಮುಂದೆ ಬಿಜಾಪುರದಲ್ಲಿ ಕುಳಿತು ಬರೆದ. ವಿಜಯನಗರ ಮತ್ತು ತೆಲಂಗಾಣದ ಅರಸರ ಪ್ರೇರಣೆಯಿಂದ ಬಹಮನಿ ರಾಜ್ಯದ ಚಿನಿವಾರರು ಸುಲ್ತಾನನ ನಾಣ್ಯಗಳನ್ನು ಕೈಗೆ ಬಂದ ಹಾಗೆಲ್ಲ ಕರಗಿಸಿಬಿಡುತ್ತಿದ್ದರಂತೆ. ಪೇಟೆಯಲ್ಲಿ ಹಳೆಯ ಹೊನ್ನು, ಪ್ರತಾಪಗಳೇ ಉಳಿಯಲಿ ಎಂದು. ಎಚ್ಚರಿಕೆಗಳಿಗೆ ಬಗ್ಗದಿದ್ದಾಗ ಸುಲ್ತಾನ 1360ರಲ್ಲಿ ಅವರನ್ನೆಲ್ಲ ಕೊಲ್ಲಿಸಿದನೆಂದು ಫೆರಿಷ್ತಾ ಹೇಳುತ್ತಾನೆ. ಅವನು ಎರಡು ಶತಮಾನಕ್ಕೂ ಹೆಚ್ಚು ತಡವಾಗಿ, ಸುಲ್ತಾನರ ಆಶ್ರಯದಲ್ಲಿ ಬರೆದವನು ಎಂಬುದನ್ನು ಮರೆಯುವಂತಿಲ್ಲ. ಆದರೂ ಕಥೆಯ ಒಳತಿರುಳು ನಿಜ. ಕರಗಿಸಿದವನಿಗೆ ಚಿನ್ನದಲ್ಲಿ ಒಂದು ಗುಂಜಿಯೂ ನಷ್ಟವಿಲ್ಲ. ಕರಗಿ ಹೋಗುವುದು ಅರಸನ ಹೆಸರು. ಅದಕ್ಕೇ ಅದು ಕಳ್ಳತನಕ್ಕಿಂತ ದೊಡ್ಡ ಅಪರಾಧವಾಯಿತು.

ಕಂಠೀರವನ ಹಣ

ಈಗ ಅಮ್ಮನ ಗಂಟಿಗೆ ಬರೋಣ. 1960ರಲ್ಲಿ ಡಾ. ರಾಜ್‌ಕುಮಾರ್ ಅವರ ಚಿತ್ರದಿಂದ ನಮ್ಮ ಹಿರಿಯರಿಗೆಲ್ಲ ಪರಿಚಿತನಾದ ರಣಧೀರ ಕಂಠೀರವ ನರಸರಾಜ ಒಡೆಯರು 1638ರಿಂದ 1659ರವರೆಗೆ ಮೈಸೂರನ್ನು ಆಳಿದರು. ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ತೆರೆದು ಈ ಪುಟ್ಟ ಚಿನ್ನದ ಹಣವನ್ನು ಹೊರಡಿಸಿದವರು ಅವರೇ. ವಿಜಯನಗರದ ರಾಯರು ದುರ್ಬಲರಾಗಿ ಮೂಲೆ ಸೇರಿದ್ದ ಕಾಲ ಅದು. ಒಡೆಯರು ತಮ್ಮ ಹೆಸರಿನಲ್ಲಿ ಹಣ ಹೊರಡಿಸಿದ್ದೇ ‘ಇನ್ನು ನಮ್ಮ ಮೇಲೆ ಯಾರೂ ಇಲ್ಲ’ ಎಂಬ ಘೋಷಣೆ.

ಕಂಠೀರವ ಎಂದರೆ ಸಿಂಹ. ನರಸ ಎಂದರೆ ನರಸಿಂಹ. ನಾಣ್ಯದ ಮೇಲಿರುವುದೂ ನರಸಿಂಹ. ದೇವರ ಮೂರ್ತಿ ನೋಡಿದರೆ ಅರಸನ ಹೆಸರೇ ನೆನಪಾಗಬೇಕು. ‘ರಾಜನ ಮುಖ ಇಲ್ಲೇ ಇದೆ ಪುಟ್ಟಿ, ದೇವರ ಮುಖದ ಹಿಂದೆ’ ಎಂದು ಮಗಳಿಗೆ ಹೇಳಿದೆವು. ಅವಳು ಭೂತಗನ್ನಡಿಯಲ್ಲಿ ಮತ್ತೊಮ್ಮೆ ನೋಡಿ, ‘ಅಡಗಿಕೊಂಡಿದಾನೆ’ ಎಂದು ನಕ್ಕಳು.

ಇಂಥ ಹತ್ತು ಹಣ ಸೇರಿದರೆ ಒಂದು ಕಂಠೀರಾಯ ವರಹ. ತಮಾಷೆಯೆಂದರೆ ಆ ವರಹವನ್ನು ಯಾರೂ ಟಂಕಿಸಲೇ ಇಲ್ಲ. ಅದು ಕೇವಲ ಲೆಕ್ಕದ ವರಹ; ಕಡತಗಳಲ್ಲಿ ಮಾತ್ರ ಇತ್ತು, ಆದರೂ ನಾಡಿನ ಲೆಕ್ಕಪತ್ರಗಳು ಅದರಲ್ಲಿಯೇ ನಡೆಯುತ್ತಿದ್ದವು. ಕಂಠೀರವ ಒಡೆಯರು ತೀರಿ 140 ವರ್ಷಗಳಾದ ಮೇಲೆ, 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಡಾ. ಫ್ರಾನ್ಸಿಸ್ ಬುಕಾನನ್ ಕೂಡ ಈ ಲೆಕ್ಕವನ್ನು ಕಂಡಿದ್ದಾನೆ. ಅವನೂ ನಮ್ಮಂತೆ ವೈದ್ಯ ಎಂಬುದು ನಮಗೊಂದು ಸಣ್ಣ ಸಂತೋಷ. ನಾವು ದಿನವೂ ಆಡುವ ‘ಹಣ’ ಎಂಬ ಮಾತೇ ಈ ನಾಣ್ಯದ್ದು. ‘ದುಡ್ಡು’, ‘ಕಾಸು’ಗಳೂ ಒಂದು ಕಾಲಕ್ಕೆ ಕೈಯಲ್ಲಿ ಹಿಡಿಯುವ ತಾಮ್ರದ ನಾಣ್ಯಗಳೇ. ರಾಜ್ಯಗಳು ಅಳಿದವು, ನಾಣ್ಯಗಳ ಹೆಸರು ನಮ್ಮ ನಾಲಿಗೆಯ ಮೇಲೆ ಚಲಾವಣೆಯಲ್ಲಿ ಉಳಿದವು.

ಹೈದರನ ಒಂದೇ ಅಕ್ಷರ

ಶಿವ–ಪಾರ್ವತಿಯರ ವರಹ ವಿಜಯನಗರದೊಂದಿಗೆ ಮುಗಿಯಲಿಲ್ಲ. ಇಕ್ಕೇರಿಯ ನಾಯಕರು ಅದನ್ನು ‘ಶ್ರೀ ಸದಾಶಿವ’ ಎಂಬ ಬರಹದೊಡನೆ ಮುಂದುವರಿಸಿದರು. ಇಕ್ಕೇರಿ ವರಹ ಮಲೆನಾಡಿನ ಅಡಿಕೆ, ಮೆಣಸಿನ ವ್ಯಾಪಾರದಲ್ಲಿ ಒರೆಗಲ್ಲಿಗೆ ಹೆದರದ ನಾಣ್ಯವೆನಿಸಿತ್ತು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದ. ಅಲ್ಲಿನ ಬೊಕ್ಕಸ, ಟಂಕಸಾಲೆ ಎರಡೂ ಅವನ ಕೈಸೇರಿದವು. ಅವನು ಮಾಡಿದ್ದೇನು? ಶಿವ–ಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡ. ಹಿಮ್ಮುಖದಲ್ಲಿ ‘ಶ್ರೀ ಸದಾಶಿವ’ ತೆಗೆದು ತನ್ನ ಹೆಸರಿನ ಮೊದಲ ಪಾರಸಿ ಅಕ್ಷರ ‘ಹೇ’ ಒಂದನ್ನು ಮಾತ್ರ ಇರಿಸಿದ.

ಓದು ಬರಹ ಬಾರದ ಹೈದರನಿಗೆ ಪೇಟೆಯ ನಾಡಿ ಗೊತ್ತಿತ್ತು. ಅಡಿಕೆ ಸಾಹುಕಾರ ಹುಡುಕುವುದು ಮುಮ್ಮುಖದ ಮೂರ್ತಿಯನ್ನು. ಅದು ಬದಲಾದರೆ ಒರೆಗಲ್ಲು ಹೊರಗೆ ಬರುತ್ತದೆ, ವಟ್ಟ ಕೇಳುತ್ತಾರೆ. ಗೆದ್ದವನೂ ಜನರ ನಂಬಿಕೆಯನ್ನು ಸಾಲವಾಗಿಯೇ ಪಡೆಯಬೇಕು. ಮದರಾಸಿನ ಇಂಗ್ಲಿಷ್ ಕಂಪನಿಯವರು ಇದೇ ಕಾರಣಕ್ಕೆ ವೆಂಕಟೇಶ್ವರ ಮತ್ತು ಅವನ ಇಬ್ಬರು ದೇವಿಯರಿರುವ ‘ಮೂರು ಸ್ವಾಮಿ ಪಗೋಡ’ವನ್ನು ಟಂಕಿಸಿದ್ದರು.

ಟಿಪ್ಪು ಬೇರೆ ದಾರಿ ಹಿಡಿದ. ದೇವರ ಮೂರ್ತಿಗಳು ಹೋದವು; ತಂದೆಯ ‘ಹೇ’ ಅಕ್ಷರ ಉಳಿಯಿತು. ಹಿಜರಿ ಶಕ ಬಿಟ್ಟು ಮೌಲೂದಿ ಎಂಬ ಹೊಸ ಶಕ ತಂದ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಚಿನ್ನದ ಅಹ್ಮದಿ, ಸಿದ್ದಿಕಿ, ಫಾರೂಕಿ. ಬೆಳ್ಳಿಯ ಹೈದರಿ, ಇಮಾಮಿ, ಆಬಿದಿ, ಬಾಕಿರಿ. ತಾಮ್ರಕ್ಕೆ ಮಾತ್ರ ಆಕಾಶದ ಗ್ರಹ ನಕ್ಷತ್ರಗಳ ಹೆಸರು. ಅವನ ಎರಡು ರೂಪಾಯಿಯ ಹೈದರಿ ಆ ಕಾಲದ ಅತಿ ಸುಂದರ ಬೆಳ್ಳಿ ನಾಣ್ಯಗಳಲ್ಲಿ ಒಂದು. ತಾಮ್ರದ ಕಾಸಿನಲ್ಲಿ ಮೈಸೂರಿನ ಹಳೆಯ ಆನೆ ಹಾಗೆಯೇ ನಡೆಯುತ್ತಿತ್ತು. ಇಷ್ಟೆಲ್ಲದರ ನಡುವೆ ದೊಡ್ಡ ಮಾತೆಂದರೆ, ದೆಹಲಿಯ ಮೊಘಲ್ ಚಕ್ರವರ್ತಿ ಷಾ ಆಲಂನ ಹೆಸರನ್ನು ಟಿಪ್ಪು ತನ್ನ ನಾಣ್ಯಗಳಲ್ಲಿ ಹಾಕಿಸಲಿಲ್ಲ. ಭಾರತದ ಎಷ್ಟೋ ಅರಸರು, ಸ್ವತಃ ಇಂಗ್ಲಿಷ್ ಕಂಪನಿಯವರು ಕೂಡ, ಷಾ ಆಲಂನ ಹೆಸರಿನಲ್ಲಿ ರೂಪಾಯಿ ಹೊಯ್ಯುತ್ತಿದ್ದ ಕಾಲ ಅದು. ಚಕ್ರವರ್ತಿ 1806ರಲ್ಲಿ ತೀರಿಕೊಂಡ ಮೇಲೂ ಕಂಪನಿ ಅವನ ಹೆಸರನ್ನು ಬಿಡಲಿಲ್ಲ. 1835ರಲ್ಲಿ ಧೈರ್ಯ ಬಂದ ಮೇಲೆಯೇ ಮುಸುಕು ತೆಗೆದು ನಾಲ್ಕನೆಯ ವಿಲಿಯಂನ ತಲೆಯನ್ನು ರೂಪಾಯಿಯ ಮೇಲೆ ಹಾಕಿತು.

1792: ಒಂದು ವರ್ಷ, ಎರಡು ದೇಶ

ಅಮೆರಿಕದಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕಾರ್ನ್‌ವಾಲಿಸ್ ಎಂದರೆ 1781ರಲ್ಲಿ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನರಿಗೆ ಸೋತ ಸೇನಾಪತಿ. ಅದೇ ಕಾರ್ನ್‌ವಾಲಿಸ್ 1792ರ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮುಂದೆ ಕರಾರು ಇಟ್ಟ: ಅರ್ಧ ರಾಜ್ಯ, ಅದರ ಮೇಲೆ 3 ಕೋಟಿ 30 ಲಕ್ಷ ರೂಪಾಯಿ. ಆ ಹಣವನ್ನು ಪಗೋಡ, ಮೊಹರು ಅಥವಾ ಗಟ್ಟಿ ಚಿನ್ನ ಬೆಳ್ಳಿಯಲ್ಲಿ ತೆರಬೇಕಿತ್ತು. ಅಷ್ಟು ತೀರುವವರೆಗೆ ಇಬ್ಬರು ಎಳೆಯ ಮಕ್ಕಳು ಒತ್ತೆ.

ಅದಾದ ಎರಡೇ ವಾರಗಳಲ್ಲಿ, 1792ರ ಏಪ್ರಿಲ್ 2ರಂದು, ಅಮೆರಿಕದ ನಾಣ್ಯ ಕಾಯ್ದೆ ಜಾರಿಗೆ ಬಂತು. ನಾಣ್ಯದ ಮೇಲೆ ಅಧ್ಯಕ್ಷರ ಮುಖ ಇರಲಿ ಎಂಬ ಸಲಹೆ ಬಂದಿತ್ತು. ಅದು ರಾಜರ ಪದ್ಧತಿ ಎಂದು ಬಿಟ್ಟು, ಸ್ವಾತಂತ್ರ್ಯವನ್ನು ಸಂಕೇತಿಸುವ ಚಿತ್ರ ಇರಬೇಕೆಂದು ಕಾಯ್ದೆ ಮಾಡಿದರು. ವಾಷಿಂಗ್ಟನ್ನರ ಮುಖ ಕ್ವಾರ್ಟರಿನ ಮೇಲೆ ಬಂದದ್ದು 1932ರಲ್ಲಿ, ಅವರ 200ನೆಯ ಹುಟ್ಟುಹಬ್ಬಕ್ಕೆ. ಮಗಳ ಕೈಯಲ್ಲಿದ್ದ ಕ್ವಾರ್ಟರಿಗೂ ಒಂದು ಕಾಲಕ್ಕೆ ‘ಮುಖ ಬೇಡ’ ಎಂಬ ಹಟ ಇತ್ತೆಂದು ತಿಳಿದಾಗ ಅವಳಿಗಿಂತ ನಮಗೇ ಹೆಚ್ಚು ಆಶ್ಚರ್ಯವಾಯಿತು.

ಸಿಂಹಾಸನ ಉಂಟು, ಟಂಕಸಾಲೆ ಇಲ್ಲ

1799ರಲ್ಲಿ ಟಿಪ್ಪು ಮಡಿದ ಮೇಲೆ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ಕಂಪನಿಗೆ ಕಪ್ಪ. ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ಹೊಸ ವರಹ ಬಂತು. ಮುಮ್ಮುಖದಲ್ಲಿ ಯಾರು? ಅದೇ ಶಿವ–ಪಾರ್ವತಿಯರು. ಹಿಮ್ಮುಖದಲ್ಲಿ ‘ಶ್ರೀ ಕೃಷ್ಣರಾಜ’. ವಿಜಯನಗರದಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಹೈದರನಿಗೆ, ಅಲ್ಲಿಂದ ಮತ್ತೆ ಒಡೆಯರಿಗೆ: 400 ವರ್ಷಗಳಲ್ಲಿ ಹಿಂದಿನ ಹೆಸರು ಬದಲಾಯಿತು, ಮುಂದಿನ ಮೂರ್ತಿ ಕದಲಲಿಲ್ಲ. ನರಸಿಂಹನ ಕಂಠೀರಾಯ ಹಣವೂ ಮತ್ತೆ ಅಚ್ಚಾಯಿತು. ಬೆಳ್ಳಿಯ ‘ರಾಜ ರೂಪಾಯಿ’ಯಲ್ಲಿ ಮಾತ್ರ ದೆಹಲಿಯ ಷಾ ಆಲಂ.

ಮುಮ್ಮಡಿಯವರ ತಾಮ್ರದ ಕಾಸನ್ನು ನೋಡಿದರೆ ಆ ಕಾಲದ ರಾಜಕೀಯ ಎಕ್ಸ್-ರೇ ತೆಗೆದಂತೆ ಕಾಣುತ್ತದೆ. ಸಿಂಹದ ಮೇಲೆ ಕನ್ನಡದಲ್ಲಿ ‘ಶ್ರೀ ಚಾಮುಂಡಿ’, ಇನ್ನೊಂದು ಕಡೆ ‘ಕೃಷ್ಣ’, ‘ಮಯಿಲಿ ಕಾಸು’, ಪಾರಸಿಯಲ್ಲಿ ಮೈಸೂರಿನ ಟಂಕಸಾಲೆಯ ಹೆಸರು, ಇಂಗ್ಲಿಷಿನಲ್ಲಿ ‘ಕ್ಯಾಷ್’. ಜನರ ಭಾಷೆ, ಹಳೆಯ ದರ್ಬಾರಿನ ಭಾಷೆ, ಹೊಸ ಒಡೆಯರ ಭಾಷೆ – ಮೂರೂ ಒಂದು ಕಾಸಿನೊಳಗೆ ಒತ್ತಿಕೊಂಡು ಕುಳಿತಿವೆ.

1831ರಲ್ಲಿ, ನಗರದ ದಂಗೆಯ ನಂತರ, ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. 1833ರಲ್ಲಿ ಟಂಕಸಾಲೆ ಮೈಸೂರಿನಿಂದ ಬೆಂಗಳೂರಿಗೆ ಹೋಯಿತು. 1843ರಲ್ಲಿ ಅದೂ ಮುಚ್ಚಿತು. 50 ವರ್ಷಗಳ ಬ್ರಿಟಿಷ್ ಆಡಳಿತದ ನಂತರ 1881ರ ಮಾರ್ಚಿಯಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿತು. ಆನೆ, ಅಂಬಾರಿ, ದರ್ಬಾರು ಎಲ್ಲವೂ ಮರಳಿದವು. ಆದರೆ ಹಸ್ತಾಂತರದ ಪತ್ರದಲ್ಲಿ ಒಂದು ಕಲಮು ಇತ್ತು: ಬಹುಕಾಲದಿಂದ ನಿಂತುಹೋಗಿರುವ ಮೈಸೂರಿನ ಪ್ರತ್ಯೇಕ ನಾಣ್ಯವನ್ನು ಮತ್ತೆ ಆರಂಭಿಸಕೂಡದು. ನಿಜವಾದ ಅಧಿಕಾರ ಎಲ್ಲಿರುತ್ತದೆ ಎಂದು ಬ್ರಿಟಿಷರಿಗೆ ಚೆನ್ನಾಗಿ ಗೊತ್ತಿತ್ತು. 1877ರ ದೆಹಲಿ ದರ್ಬಾರಿನ ನಂತರ ರೂಪಾಯಿಯ ಮೇಲೆ ವಿಕ್ಟೋರಿಯಾ ‘ರಾಣಿ’ ಹೋಗಿ ‘ಚಕ್ರವರ್ತಿನಿ’ಯಾಗಿದ್ದಳು. ಮೈಸೂರಿನ ದಸರೆಯಲ್ಲಿ ಜನ ಮಹಾರಾಜರಿಗೆ ಕೈಮುಗಿದು, ಮಿಠಾಯಿ ಅಂಗಡಿಯಲ್ಲಿ ಆ ಚಕ್ರವರ್ತಿನಿಯ ಮುಖ ಕೊಟ್ಟು ಮೈಸೂರು ಸೀಮೆಯ ಸಿಹಿ ಕೊಂಡರು. ಅದೇ ಕಾಲಕ್ಕೆ ನಿಜಾಮರ ಆಳ್ವಿಕೆಯ ರಾಯಚೂರು, ಬೀದರಿನ ಕನ್ನಡಿಗರ ಕೈಯಲ್ಲಿ ಹೈದರಾಬಾದಿನ ಹಾಲಿ ಸಿಕ್ಕಾ ಓಡಾಡುತ್ತಿತ್ತು. ಒಂದೇ ಭಾಷೆಯ ಜನ, ಬೇರೆ ಬೇರೆ ನಾಣ್ಯ.

ಏಳು ಹಣದ ಲೆಕ್ಕ

ಇಷ್ಟನ್ನೂ ಓದಿ ಮುಗಿಸಿದ ಮೇಲೆ ಒಂದು ಸಂಜೆ ಅಮ್ಮನನ್ನು ಕೇಳಿದೆವು: ‘ಹಣ ಮೂರೇ ಯಾಕೆ? ಅಜ್ಜಿ ಲೆಕ್ಕ ಮಾಡಿ ಹತ್ತು ಇಡಬೇಕಿತ್ತಲ್ಲ, ವರಹ ಆಗುವ ಹಾಗೆ?’ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಹತ್ತೇ ಇತ್ತು ಕಣೋ. ಅಜ್ಜಿ ಅದನ್ನ ವರಹ ಅಂತಲೇ ಕರೀತಿದ್ದರು. ನೀನು ಅಮೆರಿಕಕ್ಕೆ ಹೊರಟಾಗ ಪರೀಕ್ಷೆ ಫೀಸಿಗೆ, ಟಿಕೆಟ್ಟಿಗೆ ಅಂತ ನನ್ನ ಸರ ಕೊಟ್ಟೆವಲ್ಲ, ತೂಕ ಸ್ವಲ್ಪ ಕಮ್ಮಿ ಬಂತು. ಏಳು ಹಾಕಿದೆ. ಆಚಾರಿ ಕರಗಿಸಿಬಿಟ್ಟ.’

ಎಂ.ಬಿ.ಬಿ.ಎಸ್. ಮುಗಿಸಿ ರೆಸಿಡೆನ್ಸಿಗೆಂದು ವಿಮಾನ ಹತ್ತಿದ ದಿನ ಈ ವಿಷಯ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಆಗ ಏನು ಹೇಳುತ್ತಿದ್ದೆವೋ! ಏಳು ಹಣದ ತೂಕ ಎರಡೂವರೆ ಗ್ರಾಮು. ಬೆಲೆಯಲ್ಲಿ ಅದು ದೊಡ್ಡದಲ್ಲ. ಆದರೆ ಬಹಮನಿಯ ಚಿನಿವಾರರ ಕಥೆ ಓದಿದ ಮೇಲೆ ಆ ಪುಟ್ಟ ಕುಲುಮೆಯಲ್ಲಿ ಏನು ಕರಗಿತು ಎಂದು ನಮಗೆ ತಿಳಿದಿದೆ. ಲೆಕ್ಕದಲ್ಲಿ ಮಾತ್ರ ಇದ್ದ ಅಜ್ಜಿಯ ವರಹ ಲೆಕ್ಕದಿಂದಲೂ ಹೋಯಿತು. ಅಮ್ಮನಿಗೆ ಅದರ ಬಗ್ಗೆ ಪಶ್ಚಾತ್ತಾಪವಿಲ್ಲ. ‘ನೀನು ಡಾಕ್ಟರಾದೆಯಲ್ಲ’ ಎಂದರು. ನಮಗೆ ಉತ್ತರ ಬರಲಿಲ್ಲ.

ಓದುಗ ಮಿತ್ರರಲ್ಲಿ ಒಂದು ಬಿನ್ನಹ. ನಮ್ಮಲ್ಲಿ ಎಷ್ಟೋ ಮನೆಗಳ ಬ್ಯಾಂಕ್ ಲಾಕರುಗಳಲ್ಲಿ, ದೇವರ ಪೆಟ್ಟಿಗೆಗಳಲ್ಲಿ, ಕಾಸಿನ ಸರಗಳಲ್ಲಿ ಇಂಥ ಹಣಗಳು, ವರಹಗಳು ಇನ್ನೂ ಉಳಿದಿರಬಹುದು. ಹಿರಿಯರು ತೀರಿಕೊಂಡು ಮನೆ ಪಾಲಾಗುವಾಗ ಅವು ‘ಹಳೇ ಬಂಗಾರ’ ಎಂಬ ಹೆಸರಿನಲ್ಲಿ ತಕ್ಕಡಿ ಏರುತ್ತವೆ. ಮುಂದಿನ ಸಲ ಊರಿಗೆ ಹೋದಾಗ ಒಮ್ಮೆ ಕೇಳಿ ನೋಡಿ. ಯಾರದು, ಯಾರಿಂದ ಬಂತು ಎಂದು ಬರೆದಿಡಿ, ಚಿತ್ರ ತೆಗೆದಿಡಿ. ಆದರೆ ಪ್ರೀತಿಯಿಂದ ಸೂಟ್‌ಕೇಸಿನಲ್ಲಿ ತರಬೇಡಿ: 100 ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು, 1972ರ ಕಾಯ್ದೆಯ ಪ್ರಕಾರ ಅದನ್ನು ಹಾಗೆ ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅದು ಅಲ್ಲಿಯೇ ಇರಲಿ, ನಾವು ಹೋಗಿ ನೋಡೋಣ.

ಹೊರಡುವ ಹಿಂದಿನ ದಿನ ಅಮ್ಮ ಮೊಮ್ಮಗಳ ಕೈಗೆ 100 ರೂಪಾಯಿಯ ನೋಟು ಕೊಟ್ಟರು. 1881ರಲ್ಲಿ ನಾಣ್ಯ ಹೊಯ್ಯಬಾರದೆಂದು ಬರೆಸಿಕೊಂಡ ಮೈಸೂರಿನಲ್ಲಿಯೇ 1996ರಿಂದ ದೇಶದ ನೋಟುಗಳು ಅಚ್ಚಾಗುತ್ತಿವೆ ಎಂದು ಅವಳಿಗೆ ಹೇಳಿದೆವು. ಹಿಂಬದಿಯ 15 ಭಾಷೆಗಳ ಪಟ್ಟಿಯಲ್ಲಿ ನಾಲ್ಕನೆಯ ಸಾಲನ್ನು ಅವಳೇ ಬೆರಳಿಟ್ಟು ಓದಿದಳು. ನಮ್ಮ ಸಂಘದ ಭಾನುವಾರದ ಕನ್ನಡ ಶಾಲೆಗೆ ಆ ಮಟ್ಟಿಗೆ ನಾವು ಋಣಿಗಳು.

ಆಮೇಲೆ ಒಂದು ಚೀಟಿ ಬರೆದು, ಮೂರು ಹಣಗಳನ್ನು ಅದರಲ್ಲಿ ಮಡಚಿ ಅಜ್ಜಿಯ ಕೈಗೆ ಕೊಟ್ಟಳು. ಅಕ್ಷರಗಳು ಸೊಟ್ಟ, ಒತ್ತು ಒಂದು ಕಡೆ ತಪ್ಪು. ಆದರೆ ಬರಹ ಯಾವ ವರಹಕ್ಕೂ ಕಡಿಮೆಯಿಲ್ಲ: ‘ಮುತ್ತಜ್ಜಿಯ ಹಣ. ಮೂರು ಇದೆ. ಕರಗಿಸಬೇಡಿ.’